ಹಬ್ಬಕ್ಕೆ ಚರ್ಚ್ ತುಂಬುತ್ತದೆ, ಆಮೇಲೆ?

ಪ್ರಶ್ನೆ: ಗೋಕಾಕ ಕಡೆಯ ಸಣ್ಣ ಕಥೋಲಿಕ ಧರ್ಮಕೇಂದ್ರ (ಪ್ಯಾರಿಷ್) ನಮ್ಮದು. ಕ್ರಿಸ್ಮಸ್‌ಗೆ, ಚರ್ಚಿನ ಹಬ್ಬಕ್ಕೆ ಕಾಲಿಡಲು ಜಾಗ ಇರುವುದಿಲ್ಲ. ಪ್ರಾರ್ಥನಾ ಕೂಟಕ್ಕೆ ಮಾತ್ರ ನಾಲ್ಕೈದು ಅಜ್ಜಿಯರು ಮತ್ತು ನಾನು. ದೃಢೀಕರಣ ಸಂಸ್ಕಾರ (ವಿಶ್ವಾಸವನ್ನು ಗಟ್ಟಿಗೊಳಿಸುವ ವಿಧಿ) ಆದ ಮೇಲಂತೂ ಹುಡುಗರು ಪತ್ತೆಯೇ ಇಲ್ಲ. ಫಾದರ್‌ಗೆ ಮೂರು ಊರಿನ ಓಡಾಟ. ಹೊಲ, ಸಕ್ಕರೆ ಫ್ಯಾಕ್ಟರಿ ಅಂತ ದಿನವಿಡೀ ದುಡಿಯುವ ನಮ್ಮ ಜನ ವಿಶ್ವಾಸದಲ್ಲಿ ಬೆಳೆಯೋದು ಹೇಗೆ?
– ಧರ್ಮೋಪದೇಶದ ಟೀಚರ್, ಬೆಳಗಾವಿ ಜಿಲ್ಲೆ

ಉತ್ತರ: ಅಕ್ಕಾವ್ರೇ, ಹಬ್ಬಕ್ಕೆ ಮಾತ್ರ ಬರುವವರನ್ನು ಬೈಯಬೇಡಿ. ಅಷ್ಟಾದರೂ ಬರ್ತಾರಲ್ಲ! ಇನ್ನೊಂದು ಹೊಸ ಕೂಟವನ್ನೂ ಶುರು ಮಾಡಬೇಡಿ, ಅದಕ್ಕೂ ಅದೇ ಅಜ್ಜಿಯರೇ ಬರೋದು.

ಈಗಾಗಲೇ ಇರುವುದನ್ನೇ ಮನೆಗಳಿಗೆ ಒಯ್ಯಿರಿ. ಅಂದರೆ ಭಾನುವಾರದ ಶುಭಸಂದೇಶ, ಯೇಸುವಿನ ಬದುಕು ಮತ್ತು ಮಾತು ಹೇಳುವ ಬೈಬಲ್ ಭಾಗ. ಬಲಿಪೂಜೆಯ (ಮಾಸ್) ಭಾನುವಾರದ ಶುಭಸಂದೇಶ ವಾಚನಗಳು ಮೂರು ವರ್ಷಕ್ಕೊಂದು ಸುತ್ತು: ಮತ್ತಾಯ, ಮಾರ್ಕ, ಲೂಕ. ಯೊವಾನ್ನರದು ಹೆಚ್ಚಾಗಿ ಪಾಸ್ಕ (ಈಸ್ಟರ್) ಕಾಲದಲ್ಲಿ ಬರುತ್ತದೆ. ಇಸವಿಯನ್ನು 3ರಿಂದ ಭಾಗಿಸಿ: 1 ಉಳಿದರೆ ಮತ್ತಾಯ, 2 ಉಳಿದರೆ ಮಾರ್ಕ, ಏನೂ ಉಳಿಯದಿದ್ದರೆ ಲೂಕ. ಹಾಗಾಗಿ 2026 ಮತ್ತಾಯರ ವರ್ಷ. (ಚರ್ಚಿನ ವರ್ಷ ಶುರುವಾಗೋದು ಜನವರಿಗಲ್ಲ, ಅದಕ್ಕೂ ಮುಂಚಿನ ಆಗಮನ ಕಾಲದ, ಅಂದರೆ ಕ್ರಿಸ್ಮಸ್ ಸಿದ್ಧತೆಯ ಕಾಲದ, ಮೊದಲ ಭಾನುವಾರ, ನೆನಪಿರಲಿ.) ಮುಂದಿನ ವಾರದ ವಾಚನ ಯಾವುದು ಅಂತ ಮೊದಲೇ ಗೊತ್ತಿರುವುದರಿಂದ, ವಾರದ ಮಧ್ಯೆ ಒಂದು ಸಂಜೆ ಯಾರದಾದರೂ ಮನೆಯಲ್ಲಿ ಜಮಖಾನ ಹಾಸಿ, ಐದಾರು ಮನೆಯವರು ಕೂತು ಅದನ್ನು ಎರಡು ಸಲ ಓದಿದರೆ ಸಾಕು. ಪ್ರಸಂಗ ಬೇಡ. ಓದಿದ್ದರಲ್ಲಿ ಏನು ಹಿಡಿಸಿತು, ಏನು ಅರ್ಥ ಆಗಲಿಲ್ಲ, ಅಷ್ಟೇ ಮಾತಾಡಿ.

ಬಿತ್ತುವವನ ಸಾಮತಿ (ದಾರಿ, ಕಲ್ಲು, ಮುಳ್ಳು, ಒಳ್ಳೆ ನೆಲ ಎಲ್ಲ ಕಡೆ ಬೀಜ ಬೀಳುವ ಯೇಸುವಿನ ಕಥೆ) ಮತ್ತಾಯರ ವರ್ಷದಲ್ಲಿ ಜುಲೈ ಮಧ್ಯಕ್ಕೆ ಬರುತ್ತದೆ, ಮುಂಗಾರು ಬಿತ್ತನೆ ಇನ್ನೂ ಎಲ್ಲರ ತಲೆಯಲ್ಲಿರುವ ಹೊತ್ತು. ವಿಜಯಪುರ ಕಡೆಯ ಒಂದು ಮನೆಯಲ್ಲಿ ಇದನ್ನು ಓದಿದಾಗ ಒಬ್ಬ ರೈತರು ತಡೆದು ಕೇಳಿದರು: "ಅಲ್ರೀ, ಕೂರಗಿ ಬಿಟ್ಟು ಹಿಂಗ ದಾರ್ಯಾಗೆಲ್ಲ ಬೀಜ ಚೆಲ್ಲತಾರೇನ್ರೀ? ಇವಗ ತಲಿ ಐತೋ ಇಲ್ಲೋ?" ಎಲ್ಲರೂ ನಕ್ಕರು. ಯೇಸುವಿನ ಕಾಲದಲ್ಲಿ ಅಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರು ಅಂತ ಯಾರೋ ಹೇಳಿದರು. ಆದರೂ ಅವರ ಪ್ರಶ್ನೆ ಮುಗಿಯಲಿಲ್ಲ: ಮುಳ್ಳಿರುವ ಕಡೆ, ಕಲ್ಲಿರುವ ಕಡೆ ಬೀಜ ಯಾಕೆ ಹಾಳು ಮಾಡಬೇಕು? ಆಗ ಮೂಲೆಯಲ್ಲಿದ್ದ ಅವರ ಹೆಂಡತಿ, "ನಿಮ್ಮಂಥಾವ್ರಿಗೂ ಬೀಳಲಿ ಅಂತ" ಅಂದರು. ನನ್ನ ಮಟ್ಟಿಗೆ ಒಂದಿಡೀ ದಿನದ ಧ್ಯಾನಕೂಟಕ್ಕಿಂತ ಆ ಐದು ನಿಮಿಷ ಜಾಸ್ತಿ. ದೇವರು ಲೆಕ್ಕ ಹಾಕಿ ಕೊಡುವವನಲ್ಲ ಅನ್ನೋದು ಅವರ ಬಾಯಿಂದಲೇ ಬಂತಲ್ವಾ.

ಪವಿತ್ರರಾಗೋದು ಪಾದ್ರಿ, ಸಿಸ್ಟರುಗಳ ಕೆಲಸ, ನಮಗ್ಯಾಕೆ ಅನ್ನುವವರಿಗೆ ಹೇಳಿ: ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕಥೋಲಿಕ ಬಿಷಪರು ಸೇರಿದ ಸಭೆ) 1964ರಲ್ಲೇ ಅದು ಎಲ್ಲರಿಗೂ ಇರುವ ಕರೆ ಅಂತ ಸ್ಪಷ್ಟವಾಗಿ ಹೇಳಿದೆ.

ಹುಡುಗರಿಗೆ ಉಪದೇಶ ಕಡಿಮೆ ಮಾಡಿ, ಕೆಲಸ ಕೊಡಿ. ವಾಚನ ಓದುವ ಹುಡುಗನಿಗೆ ಭಾನುವಾರ ಬೆಳಿಗ್ಗೆ ಪುಸ್ತಕ ಕೈಗಿಡಬೇಡಿ, ಬುಧವಾರವೇ ಕೊಡಿ. ತಡವರಿಸಿದರೆ ಕೂತು ಓದಿಸಿ.

ಇನ್ನೊಂದು. ಪಾಲನಾ ಸಮಿತಿ (ಧರ್ಮಕೇಂದ್ರದ ಸಲಹಾ ಸಮಿತಿ) ಸಭೆ ಅಂದರೆ ಬರೀ ಪೆಂಡಾಲು, ಸೌಂಡ್ ಸಿಸ್ಟಮ್, ಊಟದ ಖರ್ಚು ಆಗಿಬಿಟ್ಟಿದೆ ಎಷ್ಟೋ ಕಡೆ. 1983ರ ಧರ್ಮಸಭೆಯ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಬೇರೆಯೇ ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತದೆ. ದುಡ್ಡಿನ ಮಾತು ಅಲ್ಲಿಗೆ ಕಳಿಸಿ. ಪಾಲನಾ ಸಮಿತಿಯಲ್ಲಿ ಯಾವ ಮನೆಯವರು ಬರೋದು ಬಿಟ್ಟಿದ್ದಾರೆ, ಯಾಕೆ ಅಂತ ಮಾತಾಡಿ. ಫಾದರ್‌ಗೆ ಮೊದಲೇ ತಿಳಿಸಿ, ಅವರಿಗೂ ಹೊರೆ ಇಳಿಯುತ್ತದೆ.

ಪ್ರಶ್ನೆ: ಬೆಳಗಾವಿ ಶಹರದಲ್ಲಿದ್ದೇವೆ. ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ಮರಾಠಿ, ಮಕ್ಕಳ ಶಾಲೆ ಇಂಗ್ಲಿಷ್. ಯಾವ ಭಾಷೆಯ ಪೂಜೆಗೆ ಹೋಗೋದು?

ಉತ್ತರ: ಮಕ್ಕಳಿಗೆ ಪ್ರಬೋಧನೆ (ಪೂಜೆಯಲ್ಲಿ ಫಾದರ್ ಕೊಡುವ ಪ್ರಸಂಗ) ಅರ್ಥವಾಗುವ ಕಡೆ ಹೋಗಿ. ಜನರ ಭಾಷೆಯಲ್ಲಿ ಪೂಜೆಗೆ 1963ರಲ್ಲಿ ಅದೇ ವ್ಯಾಟಿಕನ್ ಮಹಾಸಭೆ ದಾರಿ ಮಾಡಿದ್ದೇ ಇದಕ್ಕೆ. ರಾತ್ರಿ ಜಪಸರ (ರೋಸರಿ) ಮಾತ್ರ ಕೊಂಕಣಿಯಲ್ಲೇ ಇರಲಿ, ಇಲ್ಲದಿದ್ದರೆ ಅಜ್ಜ ಅಜ್ಜಿ ಸುಮ್ನೆ ಕೂತು ನೋಡಬೇಕಾಗುತ್ತದೆ.