ಜನ ಬಂದರೆ ಕಾಯಿಲೆಯೂ ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಬೀದಿಗೆ ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳು ಜಾಸ್ತಿಯಾಗಿವೆ. ಕಾಯಿಲೆಗಳೆಲ್ಲ ಅವರ ಜೊತೆಗೇ ಬರುತ್ತವೆ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಆ ಅರ್ಧವನ್ನೇ ಮೊದಲು ಹೇಳಿಬಿಡುತ್ತೇನೆ.

1918ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಿಂದ ಹೊರಟ 'ಟಲೂನ್' ಎಂಬ ಹಡಗು ಪೆಸಿಫಿಕ್ ಸಾಗರದ ದ್ವೀಪನಾಡು ಪಶ್ಚಿಮ ಸಮೋವಾ ತಲುಪಿತು. ಹಡಗಿನಲ್ಲಿ ಫ್ಲೂ ಹಿಡಿದವರಿದ್ದರು. ಆದರೂ ಇಳಿಯಲು ಬಿಟ್ಟರು. ಸುಮಾರು 8,500 ಜನ ಸತ್ತರು. ಅಂದರೆ ಐವರಲ್ಲಿ ಒಬ್ಬರು! ಪಕ್ಕದ ಅಮೆರಿಕನ್ ಸಮೋವಾದಲ್ಲಿ ಹಡಗುಗಳನ್ನು ತಡೆದರು. ಅಲ್ಲಿ ಆ ಫ್ಲೂಗೆ ಒಬ್ಬರೂ ಸಾಯಲಿಲ್ಲ.

ಹಾಗಾದರೆ ಎಲ್ಲರನ್ನೂ ತಡೆದರಾಯ್ತು, ಅಲ್ವಾ? ದ್ವೀಪಕ್ಕೆ ಬಾಗಿಲು ಒಂದೇ, ತಡೆಯಬಹುದಿತ್ತು. ಈಗ ಅದು ಅಷ್ಟು ಸುಲಭವಲ್ಲ. ದಡಾರವನ್ನೇ ನೋಡಿ. ವೈರಸ್ ಮೈ ಹೊಕ್ಕ ಮೇಲೂ ಸುಮಾರು ಹತ್ತು ದಿನ ಜ್ವರವೇ ಇರುವುದಿಲ್ಲ. ಹಾಯಿಹಡಗಿನ ಕಾಲದಲ್ಲಿ ಪ್ರಯಾಣ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ದಡ ಸೇರುವಷ್ಟರಲ್ಲಿ ಎಷ್ಟೋ ಸಲ ಕಾಯಿಲೆ ಹಡಗಿನಲ್ಲೇ ಬಂದು ಮುಗಿದಿರುತ್ತಿತ್ತು. ಈಗ ವಿಮಾನದಲ್ಲಿ ಒಂದು ದಿನ ಸಾಕು. ಇಳಿದವರ ಹಣೆಗೆ ಥರ್ಮಾಮೀಟರ್ ಹಿಡಿದರೆ ಏನು ಗೊತ್ತಾದೀತು? ಅಂದಹಾಗೆ, ಆ ವಿಮಾನದಲ್ಲಿ ಕೂಲಿಯವರಿಗಿಂತ ಪ್ರವಾಸಿಗಳು, ವ್ಯಾಪಾರಿಗಳೇ ಜಾಸ್ತಿ. ಅವರತ್ತ ಯಾರೂ ಬೆರಳು ತೋರಿಸುವುದಿಲ್ಲ.

ಇನ್ನು ಉಳಿದರ್ಧ. ನನ್ನ ಬಳಿ ಒಬ್ಬ ಹುಡುಗ ಬಂದಿದ್ದ. ಎರಡು ತಿಂಗಳಿಂದ ಕೆಮ್ಮು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕಫ ಪರೀಕ್ಷೆಯಲ್ಲಿ ಟಿಬಿ. "ಊರಿಂದ ತಂದಿದ್ದಾನೆ" ಎಂದರು ಜೊತೆಗಿದ್ದವರು. ಅವನು ಊರು ಬಿಟ್ಟು ಮೂರು ವರ್ಷವಾಗಿತ್ತು. ಟಿಬಿ ರೋಗಾಣು ಮೈಯಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿರಬಲ್ಲದು. ಅರೆಹೊಟ್ಟೆ ಊಟ ಅದನ್ನು ಎಬ್ಬಿಸುತ್ತದೆ. ಕಿಟಕಿಯಿಲ್ಲದ ಕೋಣೆ ಅದನ್ನು ಹಂಚುತ್ತದೆ. ಇವನ ಕೋಣೆಯಲ್ಲಿ ಎಂಟು ಜನ ಮಲಗುತ್ತಿದ್ದರು. ಅಲ್ಲೇ ಯಾರಿಂದಲೋ ಅಂಟಿರಲೂಬಹುದು.

ಎರಡು ತಿಂಗಳು ಯಾಕಪ್ಪಾ ಸುಮ್ಮನಿದ್ದೆ ಎಂದು ಕೇಳಿದೆ. "ಹೇಳಿದ್ರೆ ಕೆಲಸದಿಂದ ತೆಗೀತಾರೆ ಸಾರ್" ಎಂದ. ಅಷ್ಟು ದಿನವೂ ಅವನು ಆ ಕೋಣೆಯಲ್ಲೇ ಕೆಮ್ಮುತ್ತಿದ್ದ. ನಿಮ್ಮ ಅಕ್ಕಪಕ್ಕದವರ ಮಾತು ಮಾಡುವ ಕೆಲಸವೂ ಇದೇ. ಹೆದರಿದವನು ಕಾಯಿಲೆ ಮುಚ್ಚಿಡುತ್ತಾನೆ.

ಹೊಸಬರಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆಗೆ ಹೋಗಲು ಹೇಳಿ. ಹಳಬರಿಗೂ ಅದನ್ನೇ ಹೇಳಿ. ಮಕ್ಕಳ ಲಸಿಕೆ ಎಲ್ಲಿಗೆ ನಿಂತಿದೆ ವಿಚಾರಿಸಿ. ಊರು ಬದಲಿಸುವ ಗಡಿಬಿಡಿಯಲ್ಲಿ ಕಾರ್ಡ್ ಕಳೆದಿರುತ್ತದೆ. ಪರವಾಗಿಲ್ಲ, ದಡಾರದ ಲಸಿಕೆ ಇನ್ನೊಮ್ಮೆ ಬಿದ್ದರೂ ಮಗುವಿಗೆ ತೊಂದರೆಯೇನಿಲ್ಲ.