ಹಸುಗೂಸನ್ನು ತಾಯಿಯಿಂದ ದೂರ ಮಲಗಿಸಬೇಕೆ? ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ಮಗಳಿಗೆ ಮುಂದಿನ ತಿಂಗಳು ಹೆರಿಗೆಯಾಗಲಿದೆ. ನಾವು ವಿಚಾರಿಸಿದ ನರ್ಸಿಂಗ್ ಹೋಮಿನಲ್ಲಿ ಬಾಣಂತಿಗೆ ನಿದ್ದೆ ಸಿಗಲೆಂದು ರಾತ್ರಿ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಾರಂತೆ. ತಾಯಿಯಿಂದ ದೂರವಿಟ್ಟರೆ ಮಗುವಿಗೆ ಒತ್ತಡವಾಗುತ್ತದೆ ಎಂದು ನಮ್ಮ ಅಳಿಯಂದಿರು ಹೇಳುತ್ತಾರೆ. ಅಷ್ಟು ಚಿಕ್ಕ ಕೂಸಿಗೂ ಒತ್ತಡವಿರುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಇರುತ್ತದೆ. ದೊಡ್ಡವರಂತೆ ನಾಳಿನ ಚಿಂತೆ ಅದಕ್ಕಿಲ್ಲ. ಆದರೆ ಹೃದಯಬಡಿತ, ಉಸಿರು, ಮೈಶಾಖ, ರಕ್ತದ ಸಕ್ಕರೆ ಮತ್ತು ಒತ್ತಡದ ಹಾರ್ಮೋನಾದ ಕಾರ್ಟಿಸಾಲಿನ ಪ್ರಮಾಣವನ್ನು ನೋಡಿದರೆ ಅದರ ದೇಹ ಎಷ್ಟು ದಣಿಯುತ್ತಿದೆ ಎಂಬುದು ತಿಳಿಯುತ್ತದೆ. ಹುಟ್ಟುವುದೇ ಒಂದು ದೊಡ್ಡ ಒತ್ತಡ, ಅದು ಬೇಕಾದ ಒತ್ತಡವೂ ಹೌದು. ಹೆರಿಗೆಯ ವೇಳೆ ಮಗುವಿನ ರಕ್ತದಲ್ಲಿ ಏರುವ ಅಡ್ರಿನಲಿನ್ ಬಗೆಯ ಹಾರ್ಮೋನುಗಳು ಶ್ವಾಸಕೋಶದಲ್ಲಿ ತುಂಬಿರುವ ದ್ರವ ಇಂಗುವಂತೆ ಮಾಡಿ ಉಸಿರಾಟಕ್ಕೆ ದಾರಿ ಮಾಡಿಕೊಡುತ್ತವೆ. ಈ ಏರಿಕೆ ಹುಟ್ಟಿದ ಮೇಲೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ಮುಖ್ಯ. ತಾಯಿಯ ಬರಿ ಎದೆಯ ಮೇಲೆ ಮಲಗಿದ ಮಗುವಿನಲ್ಲಿ ಅದು ಇಳಿಯುವುದನ್ನು ಕಣ್ಣಾರೆ ನೋಡಬಹುದು: ಬಿಗಿದ ಮುಷ್ಟಿ ಸಡಿಲವಾಗುತ್ತದೆ, ಅಳು ತಗ್ಗುತ್ತದೆ, ತಣ್ಣಗಿದ್ದ ಅಂಗಾಲು ಬೆಚ್ಚಗಾಗುತ್ತದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ನಡೆದ ಅಧ್ಯಯನದಲ್ಲಿ ತಾಯಿಯ ಮೈಗೆ ತಾಗಿ ಮಲಗಿದ್ದ ಶಿಶುಗಳ ಪಾದಗಳು ಬಿಸಿಯೇರಿದವು, ನರ್ಸರಿಯಲ್ಲಿ, ಅಂದರೆ ಶಿಶುಗಳನ್ನು ತಾಯಂದಿರಿಂದ ಬೇರೆ ಇಡುವ ಕೋಣೆಯಲ್ಲಿ, ಇದ್ದ ಶಿಶುಗಳ ಪಾದಗಳು ತಣ್ಣಗಾದವು. ಪಾದ ತಣ್ಣಗಾಗುವುದೆಂದರೆ ಚರ್ಮದ ರಕ್ತನಾಳಗಳು ಬಿಗಿದುಕೊಂಡಿವೆ ಎಂದರ್ಥ, ಅದು ಒತ್ತಡ ಇಳಿದಿಲ್ಲ ಎಂಬುದರ ಗುರುತು.

ನರ್ಸರಿಯಲ್ಲಿ ಮಗು ಸುಮ್ಮನೆ ಮಲಗಿತ್ತು ಎಂಬ ಮಾತನ್ನು ನಾವು ಬಹಳ ಸಲ ಕೇಳುತ್ತೇವೆ. ಸುಮ್ಮನಿರುವ ಮಗು ನೆಮ್ಮದಿಯಾಗಿಯೇ ಇದೆ ಎಂದು ಹೇಳಲಾಗದು. ದಕ್ಷಿಣ ಆಫ್ರಿಕಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡು ದಿನದ 16 ಆರೋಗ್ಯವಂತ ಶಿಶುಗಳನ್ನು ಒಮ್ಮೆ ತಾಯಿಯ ಎದೆಯ ಮೇಲೆ, ಒಮ್ಮೆ ಪಕ್ಕದ ತೊಟ್ಟಿಲಲ್ಲಿ ಒಂಟಿಯಾಗಿ ಮಲಗಿಸಿ, ಅವು ನಿದ್ರಿಸುವಾಗಿನ ಹೃದಯಬಡಿತದ ಏರಿಳಿತವನ್ನು ಅಳೆಯಲಾಯಿತು. ಒಂಟಿಯಾಗಿದ್ದಾಗ ಹೃದಯಬಡಿತ, ಉಸಿರಾಟಗಳನ್ನು ತಾನಾಗಿಯೇ ನಡೆಸುವ ಅವುಗಳ ಸ್ವಯಂಚಾಲಿತ ನರಮಂಡಲದ ಚಟುವಟಿಕೆ ಶೇ. 176ರಷ್ಟು ಹೆಚ್ಚಿತ್ತು, ಗಾಢವಾದ ಶಾಂತ ನಿದ್ದೆಯ ಅವಧಿ ಶೇ. 86ರಷ್ಟು ಕಡಿಮೆಯಾಗಿತ್ತು. ಹದಿನಾರು ಮಕ್ಕಳ ಅಧ್ಯಯನ ಚಿಕ್ಕದು, ಅದೊಂದರ ಮೇಲೆಯೇ ಯಾರೂ ತೀರ್ಮಾನ ಕಟ್ಟಬಾರದು. ಆದರೂ ಬೇರೆ ಅಧ್ಯಯನಗಳು ತೋರಿಸಿದ ದಿಕ್ಕನ್ನೇ ಇದೂ ತೋರಿಸುತ್ತದೆ.

ಇನ್ನು ಬಾಣಂತಿಯ ನಿದ್ದೆ. ಮಗುವನ್ನು ಜೊತೆಗಿಟ್ಟುಕೊಂಡ ತಾಯಂದಿರನ್ನೂ ನರ್ಸರಿಗೆ ಕೊಟ್ಟ ತಾಯಂದಿರನ್ನೂ ಹೋಲಿಸಿದ ಅಧ್ಯಯನಗಳು 1980ರ ದಶಕದಿಂದಲೂ ಇವೆ. ಅವುಗಳಲ್ಲಿ ಮಗುವನ್ನು ಒಯ್ದುದರಿಂದ ತಾಯಿಗೆ ಹೆಚ್ಚು ನಿದ್ದೆ ಸಿಕ್ಕಿದ್ದು ಕಾಣಲಿಲ್ಲ. ತಾಯಿ ಮತ್ತು ಶಿಶು ದಿನದ 24 ಗಂಟೆಯೂ ಒಂದೇ ಕೋಣೆಯಲ್ಲಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1991ರಲ್ಲಿ ಆರಂಭಿಸಿದ ಶಿಶುಸ್ನೇಹಿ ಆಸ್ಪತ್ರೆ ಯೋಜನೆಯ ಹತ್ತು ಹೆಜ್ಜೆಗಳಲ್ಲಿ ಒಂದು, 2018ರ ಪರಿಷ್ಕರಣೆಯಲ್ಲೂ ಅದು ಉಳಿದಿದೆ. ನಮ್ಮ ದೇಶದಲ್ಲಿ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತವೆ, ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇ. 41.8 ಮಾತ್ರ. ಆಸ್ಪತ್ರೆಯೊಳಗೇ ಇರುವ ತಾಯಿ ಮಗುವಿಗೆ ಮೊದಲ ಗಂಟೆ ಕೈತಪ್ಪುತ್ತಿರುವುದು ನನಗೆ ಅತೀವ ನೋವು ಕೊಡುವ ಸಂಗತಿ, ಏಕೆಂದರೆ ಇದನ್ನು ಸರಿಪಡಿಸಲು ಹೊಸ ಯಂತ್ರವೇನೂ ಬೇಕಿಲ್ಲ.

ಆದ್ದರಿಂದ ಹೆರಿಗೆಗೆ ಮುಂಚೆಯೇ ಆ ನರ್ಸಿಂಗ್ ಹೋಮಿನವರನ್ನು ಕೇಳಿ: ಹುಟ್ಟಿದ ಕೂಡಲೇ ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸುತ್ತೀರಾ, ತೂಕ ನೋಡುವುದನ್ನು ಒಂದು ಗಂಟೆ ತಡಮಾಡಬಹುದೇ, ಸಿಸೇರಿಯನ್ ಆದರೆ ಏನು ಮಾಡುತ್ತೀರಿ, ಕಾಮಾಲೆಗೆ ಬೆಳಕಿನ ಚಿಕಿತ್ಸೆ ಬೇಕಾದರೆ ಯಂತ್ರವನ್ನು ತಾಯಿಯ ಪಕ್ಕಕ್ಕೇ ತರುತ್ತೀರಾ? ಒಂದು ಎಚ್ಚರಿಕೆಯೂ ಅಗತ್ಯ. ಹೆರಿಗೆಯ ಆಯಾಸ ಅಥವಾ ಅರಿವಳಿಕೆಯ ಮಂಪರಿನಲ್ಲಿರುವ ತಾಯಿಯ ಎದೆಯ ಮೇಲೆ ಮಗುವಿರುವಾಗ, ಅದರ ಮೂಗು ಬಾಯಿ ಮುಚ್ಚದಂತೆ, ಕತ್ತು ಮುಂದಕ್ಕೆ ಬಾಗದಂತೆ ನೋಡಿಕೊಳ್ಳಲು ಎಚ್ಚರವಿರುವ ಒಬ್ಬರು ಪಕ್ಕದಲ್ಲಿರಲೇಬೇಕು. ಆ ಕೆಲಸ ಅಜ್ಜಿಯಾಗುವ ನಿಮ್ಮದಾಗಬಹುದು.

ಪ್ರಶ್ನೆ: ನಮ್ಮ ಮಗು ಅವಧಿಗೆ ಮೊದಲೇ ಹುಟ್ಟಿದೆ, ತೂಕ 1.6 ಕೆ.ಜಿ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ದಿನಕ್ಕೊಮ್ಮೆ ಗಾಜಿನ ಆಚೆಯಿಂದ ನೋಡಲು ಬಿಡುತ್ತಾರೆ. ಸೋಂಕಿನ ಭಯವೆಂದು ಹೇಳುತ್ತಾರೆ. ಹೆಂಡತಿ ಊಟ ಬಿಟ್ಟು ಅಳುತ್ತಿದ್ದಾಳೆ. ನಾವು ಒತ್ತಾಯಿಸಿದರೆ ಮಗುವಿಗೆ ಅಪಾಯವೇ?
– ತಂದೆ, ರಾಯಚೂರು

ಉತ್ತರ: ಸೋಂಕಿನ ಭಯ ಸುಳ್ಳಲ್ಲ. ಆದರೆ ತಾಯಿಯನ್ನು ಹೊರಗಿಟ್ಟರೆ ಸೋಂಕು ಕಡಿಮೆಯಾಗುತ್ತದೆ ಎಂಬ ನಂಬಿಕೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ದೇಶಗಳ ಐದು ಆಸ್ಪತ್ರೆಗಳಲ್ಲಿ 1 ರಿಂದ 1.8 ಕೆ.ಜಿ.ಯೊಳಗಿನ 3,211 ಶಿಶುಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಭಾರತದ ಕೇಂದ್ರ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಾಗಿತ್ತು. ಅರ್ಧದಷ್ಟು ಶಿಶುಗಳನ್ನು ವಾಡಿಕೆಯಂತೆ ಮೊದಲು ಸ್ಥಿರಗೊಳಿಸಿ ಆಮೇಲೆ ತಾಯಿಗೆ ಕೊಟ್ಟರು. ಉಳಿದವನ್ನು ಹುಟ್ಟಿದ ಕೂಡಲೇ ತಾಯಿಯ ಅಥವಾ ಮನೆಯ ಇನ್ನೊಬ್ಬರ ಎದೆಗೆ ಕಟ್ಟಿದರು, ತಾಯಿಯ ಮಂಚವನ್ನು ತೀವ್ರ ನಿಗಾ ಘಟಕದೊಳಕ್ಕೇ ತಂದರು. ಮೊದಲ ಗುಂಪಿನಲ್ಲಿ 28 ದಿನಗಳೊಳಗೆ ತೀರಿಕೊಂಡ ಮಕ್ಕಳು ಶೇ. 15.7, ಎರಡನೆಯದರಲ್ಲಿ ಶೇ. 12. ಸೋಂಕಿನ ಶಂಕೆಯೂ ಎರಡನೆಯ ಗುಂಪಿನಲ್ಲೇ ಕಡಿಮೆ. ಲಾಭ ಅಷ್ಟು ಸ್ಪಷ್ಟವಾದ್ದರಿಂದ ಅಧ್ಯಯನವನ್ನು ಮುಂಚಿತವಾಗಿಯೇ ನಿಲ್ಲಿಸಲಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಕ್ಕಳಿಗೆ ಹುಟ್ಟಿದೊಡನೆ, ದಿನಕ್ಕೆ 8 ರಿಂದ 24 ಗಂಟೆ ಕಾಂಗರೂ ಆರೈಕೆ (ಹೀಗೆ ಮಗುವನ್ನು ಬರಿ ಎದೆಗೆ ಕಟ್ಟಿಕೊಳ್ಳುವುದು) ಕೊಡಬೇಕೆಂದು ಶಿಫಾರಸು ಮಾಡಿತು.

ಈ ಪದ್ಧತಿ ಬಡತನದ ಬೇಗೆಯಲ್ಲಿ ಹುಟ್ಟಿದ್ದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಾದಾಗ ಡಾ. ಎಡ್ಗರ್ ರೇ ಸನಾಬ್ರಿಯಾ ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಕಾಂಗರೂ ಆರೈಕೆಗೆ, 2017ರಲ್ಲಿ ನವಜಾತ ಶಿಶು ಘಟಕದೊಳಗೆ ಪೋಷಕರು ಆರೈಕೆಯಲ್ಲಿ ಭಾಗಿಯಾಗುವುದಕ್ಕೆ ಮಾರ್ಗಸೂಚಿ ಹೊರಡಿಸಿದೆ. ನಿಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಯವರೆಗೆ ವಿಸ್ತರಿಸುವ ಕೆಲಸ ನಡೆದಿದೆ. ಆದುದರಿಂದ ನೀವು ಕೇಳುತ್ತಿರುವುದು ವಿನಾಯಿತಿಯನ್ನಲ್ಲ.

ಜಗಳಕ್ಕಿಳಿಯದೆ ವೈದ್ಯರನ್ನು ನೇರವಾಗಿ ಕೇಳಿ: "ಡಾಕ್ಟ್ರೇ, ಇವತ್ತು ನಮ್ಮ ಮಗುವನ್ನು ತಾಯಿಯ ಎದೆಯ ಮೇಲೆ ಹಾಕಲು ಏನು ಅಡ್ಡಿಯಿದೆ? ಅದು ಯಾವಾಗ ತೀರುತ್ತದೆ?" ಉಸಿರಾಟಕ್ಕೆ ವೆಂಟಿಲೇಟರ್ ಬೇಕಾದಂಥ ಸ್ಥಿತಿಯಿದ್ದರೆ ಕಾಯಬೇಕಾದೀತು. ಅನುಮತಿ ಸಿಕ್ಕಾಗ ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ ಇರಲಿ. ಎರಡು ಸ್ತನಗಳ ನಡುವೆ ನೆಟ್ಟಗೆ, ಕಪ್ಪೆಯಂತೆ ಕಾಲು ಮಡಚಿ, ಮುಖ ಒಂದು ಬದಿಗೆ ತಿರುಗಿಸಿ ಮಲಗಿಸಿ, ಮೃದುವಾದ ಬಟ್ಟೆಯಿಂದ ಕಟ್ಟುವುದನ್ನು ನರ್ಸ್ ಕಲಿಸುತ್ತಾರೆ. ತಾಯಿ ಒರಗಿ ಕೂತಿರಬೇಕು. ಆಕೆ ಊಟಕ್ಕೆ ಎದ್ದಾಗ ಕೈ ಚೆನ್ನಾಗಿ ತೊಳೆದುಕೊಂಡು ನೀವೇ ಅಂಗಿ ಬಿಚ್ಚಿ ಕೂರಬಹುದು. ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವ ಹೊತ್ತಿಗೂ ಮಗು ಎದೆಯ ಮೇಲಿದ್ದರೆ ನೋವಿನ ಅಳು ಬಹಳ ಕಡಿಮೆ. ಅನುಮತಿ ಸಿಗುವವರೆಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕಳಿಸಿ. ಆಕೆ ಊಟ ಬಿಡದಂತೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮಗಳು ಹುಟ್ಟಿದಾಗ ಐದು ದಿನ ನನ್ನಿಂದ ದೂರವಿದ್ದಳು. ಈಗ ಅವಳಿಗೆ ನಾಲ್ಕು ತಿಂಗಳು. ಆಗಿನ ಒತ್ತಡದಿಂದ ಅವಳಿಗೆ ಶಾಶ್ವತ ಹಾನಿಯಾಗಿರಬಹುದೇ?
– ತಾಯಿ, ಧಾರವಾಡ

ಉತ್ತರ: ಇಲ್ಲ, ಆ ಐದು ದಿನ ಅವಳ ಬದುಕನ್ನು ನಿರ್ಧರಿಸುವುದಿಲ್ಲ. ಮೇಲಿನ ಅಧ್ಯಯನಗಳು ಆಸ್ಪತ್ರೆಗಳು ತಮ್ಮ ಪದ್ಧತಿ ಬದಲಿಸಲಿ ಎಂದು ಇರುವಂಥವೇ ಹೊರತು ತಾಯಂದಿರ ಮೇಲೆ ತಪ್ಪು ಹೊರಿಸಲು ಅಲ್ಲ. ಶಿಶುವಿನ ಮೆದುಳು ತಿಂಗಳುಗಟ್ಟಲೆ ಸಿಗುವ ಆರೈಕೆಯಿಂದ ರೂಪುಗೊಳ್ಳುತ್ತದೆ. ಅವಳು ಅತ್ತಾಗ ಎತ್ತಿಕೊಳ್ಳಿ. ಎತ್ತಿಕೊಂಡರೆ ಚಟ ಹತ್ತುತ್ತದೆ ಎಂದು ಮನೆಯ ಹಿರಿಯರು ಹೇಳಿದರೆ, ಈ ವಯಸ್ಸಿನಲ್ಲಿ ಹಾಗೇನೂ ಆಗುವುದಿಲ್ಲವೆಂದು ತಿಳಿಸಿ. ಆ ದಿನಗಳ ನೆನಪಿನಿಂದ ನಿಮಗೇ ನಿದ್ದೆ ಬಾರದಿದ್ದರೆ, ಅಳು ತಡೆಯಲಾಗದಿದ್ದರೆ, ಮುಂದಿನ ಲಸಿಕೆಗೆ ಹೋದಾಗ ನಿಮ್ಮ ವಿಷಯವನ್ನೂ ವೈದ್ಯರಿಗೆ ಹೇಳಿ. ಬಾಣಂತಿಯರ ಖಿನ್ನತೆಗೆ ಚಿಕಿತ್ಸೆಯಿದೆ, ಅದನ್ನು ಎದೆಹಾಲು ಬಿಡಿಸದೆಯೇ ಕೊಡಲು ಸಾಧ್ಯವಿದೆ.