ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಯುವಕರನ್ನು ಕಾಡಿಗೆ ಕಳುಹಿಸಿದ್ದು ಉಪಯೋಗಕ್ಕೆ ಬಂತೇ?

ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಸರ್ಕಾರಿ ಯೋಜನೆಯಲ್ಲಿ ನಿರುದ್ಯೋಗಿ ಹುಡುಗರಿಗೆ ಗಿಡ ನೆಡುವ ಕೆಲಸ ಕೊಟ್ಟಿದ್ದು ಕಾಲಹರಣವಲ್ಲವೇ, ಚೆನ್ನಾಗಿದ್ದರೆ ಅದನ್ನು ನಿಲ್ಲಿಸಿದ್ದೇಕೆ ಎಂದು ನೀವು ಕೇಳಿದ್ದೀರಿ. ಕಾಲಹರಣವಂತೂ ಅಲ್ಲ; ಆದರೆ ಅದರ ಫಲವನ್ನು ಕಾಡಿನಲ್ಲಿ ಹುಡುಕುವ ಮೊದಲು ಆ ಹುಡುಗರ ಮನೆಗಳಲ್ಲಿ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರ ಮಾರ್ಚ್ 31ರಂದು ಈ ಯೋಜನೆಯ ಕಾಯ್ದೆಗೆ ಸಹಿ ಹಾಕಿದರು; ಏಪ್ರಿಲ್ 17ಕ್ಕೆಲ್ಲ ವರ್ಜೀನಿಯಾದ ಜಾರ್ಜ್ ವಾಷಿಂಗ್ಟನ್ ರಾಷ್ಟ್ರೀಯ ಅರಣ್ಯದಲ್ಲಿ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಮೊದಲ ಶಿಬಿರ ಆರಂಭವಾಗಿತ್ತು. ಆಯ್ಕೆಯನ್ನು ಕಾರ್ಮಿಕ ಇಲಾಖೆಗೂ, ಊಟ, ಬಟ್ಟೆ, ವಸತಿಗಳನ್ನು ಸೈನ್ಯಕ್ಕೂ, ಕಾಡಿನ ಕೆಲಸವನ್ನು ಅರಣ್ಯ ಸೇವೆಗೂ ಹಂಚಿ, ಇದ್ದ ಇಲಾಖೆಗಳನ್ನೇ ದುಡಿಸಿಕೊಂಡಿದ್ದರಿಂದ ಇಷ್ಟು ವೇಗ ಸಾಧ್ಯವಾಯಿತು. ತಿಂಗಳ ಸಂಬಳ 30 ಡಾಲರ್. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ ಹೋಗಬೇಕೆಂಬುದು ನಿಯಮ. ಬಾಡಿಗೆ, ದಿನಸಿಗೆ ದಾರಿಯಿಲ್ಲದೆ ಕುಳಿತಿದ್ದ ಸಂಸಾರಗಳಿಗೆ ಆ ಹಣ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ. ಓದು ಬರಹ ಬಾರದೆ ಬಂದಿದ್ದ ಸಾವಿರಾರು ಹುಡುಗರು ಶಿಬಿರದ ಸಂಜೆಯ ತರಗತಿಗಳಲ್ಲಿ ಅಕ್ಷರ ಕಲಿತರು.

ಕಾಡಿನ ಲೆಕ್ಕವೂ ಸಣ್ಣದಲ್ಲ. ಸುಮಾರು 300 ಕೋಟಿ ಸಸಿಗಳನ್ನು ನೆಟ್ಟರೆಂಬ ಮಾತನ್ನು ಎಲ್ಲರೂ ಹೇಳುತ್ತಾರೆ; ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೆಂಕಿಯ ಕೆಲಸ. ಲಾರಿ ಹೋಗಬಲ್ಲ ಕಾಡುರಸ್ತೆಗಳು, ಟೆಲಿಫೋನ್ ತಂತಿ, ಕಾವಲು ಗೋಪುರಗಳು, ಜೊತೆಗೆ ಕರೆದ ಕೂಡಲೇ ಬರುವ ಆಳುಬಲ, ಇವೆಲ್ಲ ಒದಗಿದ್ದರಿಂದಲೇ ಕಂಡ ಬೆಂಕಿಯನ್ನು ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನೀತಿಯನ್ನು 1935ರಲ್ಲಿ ಅರಣ್ಯ ಸೇವೆ ಜಾರಿಗೆ ತರಲು ಸಾಧ್ಯವಾಯಿತು. ಸಣ್ಣ ಬೆಂಕಿಯನ್ನೂ ಬಿಡದೆ ಆರಿಸಿದ್ದರಿಂದ ಪಶ್ಚಿಮದ ಎಷ್ಟೋ ಕಾಡುಗಳಲ್ಲಿ ಒಣ ಪುಳ್ಳೆ, ಪೊದೆ ಬೆಳೆದು ಮುಂದಿನ ಬೆಂಕಿಗಳು ಇನ್ನೂ ಭೀಕರವಾದವೆಂಬುದನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಹುಡುಗರೂ ಬೆಲೆ ತೆತ್ತರು: 1937ರ ಆಗಸ್ಟ್‌ನಲ್ಲಿ ವಯೋಮಿಂಗ್‌ನ ಶೋಶೋನಿ ಅರಣ್ಯದಲ್ಲಿ ಬೆಂಕಿ ಆರಿಸುತ್ತಿದ್ದಾಗ ಗಾಳಿ ಹಠಾತ್ತನೆ ತಿರುಗಿ 15 ಜನ ಸತ್ತರು; ಅವರಲ್ಲಿ ಹಲವರು ಟೆಕ್ಸಾಸ್‌ನಿಂದ ಬಂದ ಶಿಬಿರವಾಸಿಗಳು.

ಕಾಯ್ದೆಯಲ್ಲಿ ವರ್ಣಭೇದಕ್ಕೆ ನಿಷೇಧವಿದ್ದರೂ ಕಪ್ಪು ಯುವಕರನ್ನು ಬಹುಪಾಲು ಬೇರೆ ಶಿಬಿರಗಳಲ್ಲೇ ಇರಿಸಿದರು. ಹೆಣ್ಣುಮಕ್ಕಳಿಗಂತೂ ಇದರಲ್ಲಿ ಸೇರಲು ಅವಕಾಶವೇ ಇರಲಿಲ್ಲ.

ನಿಲ್ಲಿಸಿದ್ದಕ್ಕೆ ವೈಫಲ್ಯ ಕಾರಣವಲ್ಲ. ಯುದ್ಧ ಬಂದು ಕಾರ್ಖಾನೆ ಮತ್ತು ಸೈನ್ಯ ಯುವಕರನ್ನು ಸೆಳೆದುಕೊಂಡವು; ನಿರುದ್ಯೋಗವೇ ಕರಗಿದ ಮೇಲೆ, 1942ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಇದಕ್ಕೆ ಹಣ ಕೊಡುವುದನ್ನು ನಿಲ್ಲಿಸಿತು.